ಎರಡು ಮೈಗೆ ಒಂದು ಹೆಸರು

ತುಂಗಕ್ಕ ದೊಡ್ಡಮೈಯಲ್ಲಿ ಎದ್ದ ದಿನ ಪಾರಿಯನ್ನು ಶಿಶುಮಂದಿರಕ್ಕೆ ಬಿಟ್ಟುಬರಬೇಕಿತ್ತು. ಸಣ್ಣಮೈಯಲ್ಲಿ ಎದ್ದ ದಿನ ಹೋಗಿ ಕರೆದುಕೊಂಡು ಬರಬಹುದಿತ್ತು. ಮಲಗುವಾಗ ಯಾವ ಮೈಯಲ್ಲಿ ಏಳುತ್ತೇವೆಂದು ನಮ್ಮೂರಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ದೊಡ್ಡಮೈಯಾದರೆ ಬಾಗಿಲ ಮೇಲುಪಟ್ಟಿಗೆ ನೆತ್ತಿ ತಾಗುತ್ತದೆ, ಸಣ್ಣಮೈಯಾದರೆ ಮೇಜಿನ ಅಂಚಿಗೆ ಮೂಗು ಬರುತ್ತದೆ. ಅದಕ್ಕೆ ತಕ್ಕಂತೆ ಮನೆಮನೆಯಲ್ಲೂ ಎರಡು ಅಳತೆಯ ಬಟ್ಟೆ, ಎರಡು ಅಳತೆಯ ಚಪ್ಪಲಿ. ‘ಯಾಕೆ ಇವತ್ತು ಹೀಗೆ?’ ಎಂದು ಕೇಳುವುದು ಮಾತ್ರ ಅಸಭ್ಯ. ದೊಡ್ಡಮೈಯಲ್ಲಿದ್ದವರನ್ನು ‘ನೀವು’ ಎನ್ನಬೇಕು, ಸಣ್ಣಮೈಯಲ್ಲಿದ್ದವರನ್ನು ‘ನೀನು’ ಎನ್ನಬೇಕು, ಅಷ್ಟೇ. ಹಾಲುಹಲ್ಲು ಬೀಳುವ ತನಕ ಮಕ್ಕಳಿಗೆ ಈ ಯಾವ ಗೊಡವೆಯೂ ಇಲ್ಲ. ಪಾರಿಗೆ ಇನ್ನೂ ಹಾಲುಹಲ್ಲು.

ತುಂಗಕ್ಕ ನಮ್ಮ ಪಕ್ಕದ ಮನೆಯವಳು, ಬಟ್ಟೆ ಹೊಲಿಯುವವಳು. ಎರಡು ಅಳತೆಯ ಊರಿನಲ್ಲಿ ದರ್ಜಿಯ ಕೈ ಖಾಲಿ ಇರುವುದೇ ಇಲ್ಲವಾದ್ದರಿಂದ ಅವಳ ಹೊಲಿಗೆ ಯಂತ್ರ ಸದಾ ಸದ್ದು ಮಾಡುತ್ತಿರುತ್ತಿತ್ತು. ಬೆಳಿಗ್ಗೆ ಆ ಸದ್ದು ಕೇಳದಿದ್ದರೆ ಅವತ್ತು ದೊಡ್ಡಮೈ ಎಂದು ನನಗೆ ತಿಳಿಯುತ್ತಿತ್ತು. ಕಿಟಕಿಯಿಂದ ನೋಡಿದರೆ ಪಾರಿ ತನ್ನ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಅಳು ಇಲ್ಲ, ರಂಪ ಇಲ್ಲ. ಅದನ್ನು ನೋಡುವುದೇ ಹೆಚ್ಚು ಕಷ್ಟ.

“ನಾಳೆನೋ ನಾಡಿದ್ದೋ ಬಂದ್ಬಿಡ್ತೀನಿ ಕಣೆ ಚಿನ್ನ,” ಎನ್ನುತ್ತಿದ್ದಳು ತುಂಗಕ್ಕ, ಮೇಲಿನಿಂದ ಬಗ್ಗಿ.

“ನೀವ್ಯಾಕೆ ಬರ್ತೀರಾ? ನೀವು ಬಿಡೋರು. ಕರ್ಕೊಂಡ್ ಬರೋಳು ನಮ್ಮಮ್ಮ,” ಎನ್ನುತ್ತಿದ್ದಳು ಪಾರಿ.

ಊರಿನವರು ನಕ್ಕು, “ಎಷ್ಟು ಚೂಟಿ ನೋಡು,” ಎನ್ನುತ್ತಿದ್ದರು. ತುಂಗಕ್ಕ ನಗುತ್ತಿರಲಿಲ್ಲ.

ಹೀಗೇಕೆ ಎಂಬುದನ್ನು ಅವಳೇ ಒಂದು ಮಧ್ಯಾಹ್ನ ನನಗೆ ಹೇಳಿದ್ದಳು, ಕಾಜ ಹೊಲಿಯುತ್ತಾ, ನನ್ನ ಮುಖ ನೋಡದೆ. ನಾನು ಹೆಚ್ಚು ಮಾತಾಡುವವಳಲ್ಲವಾದ್ದರಿಂದ ಜನ ನನ್ನ ಹತ್ತಿರ ಹೇಳಿಕೊಳ್ಳುತ್ತಾರೆ. ಪಾರಿ ತುಂಗಕ್ಕನ ತಂಗಿ ವರದೆಯ ಮಗಳು. ಬಾಣಂತನದಲ್ಲೇ ವರದೆ ಹೋದಳು. ತಬ್ಬಲಿ ಮಕ್ಕಳ ಶಿಶುಮಂದಿರ ನಡೆಸುವ ಹೈಮವತಿಯಮ್ಮ ತುಂಗಕ್ಕನನ್ನು ಕರೆಸಿ, ಸಾಕುತ್ತೀರಾ ಎಂದು ಕೇಳಿದರು. ಅವತ್ತು ತುಂಗಕ್ಕ ದೊಡ್ಡಮೈಯಲ್ಲಿದ್ದಳು.

“ಮಗು ನನ್ನ ಅಂಗೈಯಷ್ಟೇ ಕಾಣ್ತು ಕಣೆ ಇಳಾ. ಎಲ್ಲಿ ಹಿಡೀಲಿ, ಎಲ್ಲಿ ಮುರಿದುಹೋಗುತ್ತೋ ಅನ್ನಿಸ್ಬಿಡ್ತು. ಒಲ್ಲೆ ಅಂತ ಬರ್ಕೊಟ್ಟು ಬಂದ್ಬಿಟ್ಟೆ. ಮಾರನೇ ದಿನ ಎದ್ರೆ ಸಣ್ಣಮೈ. ಕಾಲು ತಾನಾಗೇ ಅಲ್ಲಿಗೆ ಹೋಯ್ತು. ತೊಟ್ಟಿಲ ಪಕ್ಕ ನಿಂತ್ರೆ ಅದರ ಮುಖ ನನ್ನ ಮುಖಕ್ಕೆ ಸರಿಯಾಗಿ ಎದುರಿಗಿತ್ತು. ಕಣ್ಣಿಗೆ ಕಣ್ಣು. ಕೊಡಿ ಅಂದೆ.”

ಒಮ್ಮೆ ಒಲ್ಲೆ ಎಂದವರಿಗೆ ಮಗು ಕೊಡಕೂಡದೆಂಬುದು ಶಿಶುಮಂದಿರದ ಕಟ್ಟಳೆ. ಆದರೆ ಒಲ್ಲೆ ಎಂದದ್ದು ದೊಡ್ಡಮೈಯ ತುಂಗ, ಕೊಡಿ ಎಂದದ್ದು ಸಣ್ಣಮೈಯ ತುಂಗ. ಪುರಸಭೆಯ ಲೆಕ್ಕದಲ್ಲಿ ಅವರಿಬ್ಬರೂ ಬೇರೆ ಬೇರೆ. ಹಾಗಾಗಿ ಮಗುವನ್ನು ಕೊಟ್ಟರು. ಹಾಗಾಗಿಯೇ ದೊಡ್ಡಮೈ ಬಂದ ದಿನ ಮಗುವನ್ನು ಹಿಂದಕ್ಕೆ ಬಿಡಬೇಕಾಗಿತ್ತು.

ಒಂದು ಮೈಯ ಮಾತನ್ನು ಇನ್ನೊಂದು ಮೈ ತಳ್ಳಿಹಾಕುವುದು ನಮ್ಮೂರಿನ ಹಳೆಯ ಚಾಳಿ. ನಶ್ಯ ಬಿಡುತ್ತೇನೆಂದು ಶೇಷಗಿರಿ ಸಣ್ಣಮೈಯಲ್ಲಿ ಹೆಂಡತಿಯ ತಲೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದ, ದೊಡ್ಡಮೈಯಲ್ಲಿ ಡಬ್ಬಿ ತೆಗೆದು, “ಆ ಸಣ್ಣೋನ ಮಾತು ಕಟ್ಕೊಂಡು ನಂಗೇನಾಗ್ಬೇಕು ಪಂಕಜ?” ಎನ್ನುತ್ತಿದ್ದ. ಮೊದಲು ಇದೆಲ್ಲ ಬಾಯಿಮಾತಿನಲ್ಲಿತ್ತು. ಪುರಸಭೆಯವರು ಎಲ್ಲಿಂದಲೋ ಜಾಲತಾಣವೊಂದನ್ನು ತರಿಸಿ, ಅರ್ಜಿ, ಆಸ್ಪತ್ರೆಯ ಚೀಟಿ, ಮಕ್ಕಳ ಪಾಲನೆ ಎಲ್ಲವನ್ನೂ ಅದರೊಳಗೆ ಹಾಕಿದ ಮೇಲೆ ಈ ಚಾಳಿಗೆ ಮೊಹರು ಬಿತ್ತು. ಹೆಸರನ್ನು ಇಂಗ್ಲಿಷಿನಲ್ಲಿ ಒತ್ತಬೇಕಿತ್ತು. ದೊಡ್ಡಮೈಯಲ್ಲಿ ಹೋದವರು ದೊಡ್ಡ ಅಕ್ಷರದಲ್ಲಿ, ಸಣ್ಣಮೈಯಲ್ಲಿ ಹೋದವರು ಸಣ್ಣ ಅಕ್ಷರದಲ್ಲಿ ಒತ್ತಿದರು. ಯಾರೂ ಹೇಳಿಕೊಟ್ಟಿದ್ದಲ್ಲ, ಅದೇ ಮರ್ಯಾದೆ ಎನ್ನಿಸಿತು. ಯಂತ್ರಕ್ಕೆ ದೊಡ್ಡಕ್ಷರದ ಹೆಸರೇ ಬೇರೆ, ಸಣ್ಣಕ್ಷರದ ಹೆಸರೇ ಬೇರೆ. ಊರಿನ ಪ್ರತಿಯೊಬ್ಬರೂ ಅದರೊಳಗೆ ಇಬ್ಬಿಬ್ಬರಾಗಿ ಕೂತರು. ದೊಡ್ಡಮೈಯಲ್ಲಿ ಹಾಕಿದ ಅರ್ಜಿ ಏನಾಯಿತೆಂದು ನೋಡಲು ಜನ ಮತ್ತೆ ದೊಡ್ಡಮೈ ಬರುವ ತನಕ ಕಾಯುವುದನ್ನು ಕಲಿತರು.

ಪದವಿ ಮುಗಿಸಿದ ಮೇಲೆ ನಾನು ಆ ಜಾಲತಾಣ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೆ. ಗೋಡೆಯ ಕಡೆ ಮುಖ ಮಾಡಿ ಕೂರುವ ಕೆಲಸ, ನನ್ನಂಥವಳಿಗೆ ಹೇಳಿಮಾಡಿಸಿದಂತಿತ್ತು. ಎಲ್ಲ ಸರಿಯಾಗಿಯೇ ನಡೆಯುತ್ತಿದ್ದಾಗ ಮುಖ್ಯಾಧಿಕಾರಿ ಮರುಳಸಿದ್ದಯ್ಯನವರು ಒಂದು ದಿನ ಸಣ್ಣಮೈಯಲ್ಲಿ ಬಂದು, ಕುರ್ಚಿಯ ಮೇಲೆ ದಿಂಬು ಹಾಕಿಸಿಕೊಂಡು ಕೂತು, ತಮ್ಮ ಹೆಸರು ಒತ್ತಿದರು. ‘ಈ ಹೆಸರಿನ ಅಧಿಕಾರಿ ಯಾರೂ ಇಲ್ಲ’ ಎಂದಿತು ಪರದೆ. ಅಧಿಕಾರಿಯಾದ ಮೇಲೆ ಅವರಿಗೆ ಸಣ್ಣಮೈ ಬಂದದ್ದು ಅದೇ ಮೊದಲು.

“ಇಳಾ! ಬಾ ಇಲ್ಲಿ. ನಾನು ಇಲ್ವಂತೆ.”

“ಇದ್ದೀಯ ಸಾರ್,” ಎಂದೆ ನಾನು. ‘ನೀನು’ ಎನ್ನಲೇಬೇಕಿತ್ತಲ್ಲ. ನಾಲಿಗೆ ತೊಡರಿತು.

“ಇದ್ರೆ ತೋರ್ಸು. ದೊಡ್ಡ ಅಕ್ಷರ ಒತ್ತಿದ್ರೂ ಸಣ್ಣಕ್ಷರ ಒತ್ತಿದ್ರೂ ಒಬ್ಬನೇ ಮರುಳಸಿದ್ದಯ್ಯ ಕಾಣ್ಬೇಕು. ನಂಗೊಬ್ನಿಗಲ್ಲ, ಊರಿಗೆಲ್ಲ.”

ಕೇಳಿದ ಕೂಡಲೇ ನನಗೆ ನೆನಪಾದದ್ದು ತುಂಗಕ್ಕ. ಒಬ್ಬಳೇ ಎಂದಾಗಿಬಿಟ್ಟರೆ ಪಾರಿಯ ಚೀಲಕ್ಕೆ ಕೆಲಸವಿಲ್ಲ. ಆ ಹುರುಪಿನಲ್ಲಿ ಅವತ್ತೇ ಕೂತೆ. ಜಾಲತಾಣ ನಿಂತಿದ್ದ ಫ್ರೇಮ್‌ವರ್ಕಿನಲ್ಲಿ ಎಲ್ಲವೂ ಇತ್ತು, ಯಾರೋ ಪುಣ್ಯಾತ್ಮರು ಮೊದಲೇ ಕಟ್ಟಿಟ್ಟ ಮನೆಯ ಚೌಕಟ್ಟಿನಂತೆ. ಬಾಗಿಲು ಕಿಟಕಿ ಕೂರಿಸುವುದಷ್ಟೇ ನಮ್ಮ ಪಾಲಿಗೆ. ಹೆಸರು ಒಳಗೆ ಹೋಗುವ ಬಾಗಿಲಲ್ಲೇ ಎಲ್ಲ ಅಕ್ಷರಗಳನ್ನೂ ಸಣ್ಣಕ್ಕೆ ಇಳಿಸಿಬಿಟ್ಟರೆ ಆಯಿತಲ್ಲ, ಹೋಲಿಸಲು ಸುಲಭ ಎಂದುಕೊಂಡೆ. ಅವತ್ತು ನಾನೂ ಸಣ್ಣಮೈಯಲ್ಲಿದ್ದೆ. ಲೋಕವೆಲ್ಲ ಸಣ್ಣದಾದರೆ ತಪ್ಪೇನು ಎಂದೇ ಅನ್ನಿಸಿರಬೇಕು.

ಮರುದಿನ ಪುರಸಭೆಯ ಬಾಗಿಲು ತೆರೆಯುವ ಮೊದಲೇ ಗಲಾಟೆ. ಸರದಿ ಕರೆಯುವ ಪರದೆಯ ಮೇಲೆ ದೊಡ್ಡಮೈಯಲ್ಲಿ ಬಂದವರ ಹೆಸರೂ ಸಣ್ಣಕ್ಷರದಲ್ಲೇ ಮೂಡುತ್ತಿತ್ತು.

“ಏನಮ್ಮ ಇದು? ಈ ಮೈ ಹೊತ್ಕೊಂಡು ಅಷ್ಟು ದೂರದಿಂದ ಬಂದಿದ್ದೀನಿ, ನನ್ನ ಚಿಳ್ಳೆಪಿಳ್ಳೆ ಥರ ಕೂಗ್ತೀಯಲ್ಲ!” ಎಂದು ಶೇಷಗಿರಿ ಕಿಟಕಿಗೆ ತಲೆ ತೂರಿಸಿದ.

“ಕೂಗ್ಲಿ ಬಿಡಿ. ಸಣ್ಣೋನಾದ್ರೆ ನಶ್ಯ ಬಿಟ್ಟಿರೋನು,” ಎಂದಳು ಹಿಂದಿನಿಂದ ಪಂಕಜಮ್ಮ.

ನನಗೆ ನಗುವುದಕ್ಕೂ ಭಯ. ತಪ್ಪು ನನ್ನದೇ. ಜನ ತಮ್ಮನ್ನು ಹೇಗೆ ಬರೆದುಕೊಂಡರೋ ಅದನ್ನು ಅಳಿಸುವ ಅಧಿಕಾರ ನನಗೆ ಯಾರು ಕೊಟ್ಟಿದ್ದರು? ಎತ್ತಿಟ್ಟಿದ್ದ ಪ್ರತಿಯಿಂದ ಹಳೆಯ ಹೆಸರುಗಳನ್ನೆಲ್ಲ ಹಿಂದಕ್ಕೆ ಹಾಕಿ, ಮತ್ತೆ ಮೊದಲಿನಿಂದ ಶುರುಮಾಡಿದೆ. ಈ ಸಲ ಬರೆದದ್ದನ್ನು ಮುಟ್ಟಲಿಲ್ಲ. ಬರೆದವರು ಬರೆದಂತೆಯೇ ಇರಲಿ, ಪಕ್ಕಪಕ್ಕ ಇಟ್ಟು ನೋಡುವಾಗ ಮಾತ್ರ ದೊಡ್ಡದು ಸಣ್ಣದು ಎಂಬ ಭೇದ ಎಣಿಸಬೇಡ ಎಂದು ಹೆಸರಿನ ಅಂಕಣಕ್ಕೇ ಹೇಳಿಕೊಟ್ಟೆ. ಹೀಗೂ ಹೇಳಿಕೊಡಬಹುದೆಂದು ಗೊತ್ತಾಗುವುದಕ್ಕೆ ನಾನು ಬಹಳ ಓದಬೇಕಾಯಿತು.

ಆದರೆ ಯಂತ್ರ ಒಪ್ಪಲಿಲ್ಲ. ಒಂದು ಹೆಸರು ಒಬ್ಬರಿಗೇ ಇರಬೇಕೆಂಬುದು ಅದರ ಹಟ. ಭೇದ ಎಣಿಸಬೇಡ ಎಂದೊಡನೆ, ಇಷ್ಟು ದಿನ ಬೇರೆ ಬೇರೆಯಾಗಿದ್ದ ಊರಿನ ಹೆಸರುಗಳೆಲ್ಲ ಜೋಡಿಜೋಡಿಯಾಗಿ ಡಿಕ್ಕಿ ಹೊಡೆದುಕೊಂಡವು. ‘ಈ ಹೆಸರು ಆಗಲೇ ಇದೆ, ಈ ಹೆಸರು ಆಗಲೇ ಇದೆ’ ಎಂದು ಪರದೆ ತುಂಬ ಅದೇ ಪಲ್ಲವಿ. ಪ್ರತಿ ಜೋಡಿಯನ್ನೂ ಒಂದು ಮಾಡದ ಹೊರತು ಹೊಸ ನಿಯಮ ಕೂರುವಂತಿರಲಿಲ್ಲ. ಒಂದು ಮಾಡಲು ನಾನ್ಯಾರು? ಅವರವರೇ ಬಂದು ಹೇಳಬೇಕು.

ಮರುಳಸಿದ್ದಯ್ಯನವರು ಡಂಗುರ ಹೊಡೆಸಿದರು. ಹುಣ್ಣಿಮೆಯೊಳಗೆ ಪ್ರತಿಯೊಬ್ಬರೂ ಪುರಸಭೆಗೆ ಬಂದು ಪರದೆಯಲ್ಲಿ ತಮ್ಮ ಇನ್ನೊಂದು ಮೈಯ ಹೆಸರು ನೋಡಿ, ‘ಇದೂ ನಾನೇ’ ಅಥವಾ ‘ಇದು ನಾನಲ್ಲ’ ಎಂದು ಒತ್ತಬೇಕು. ‘ಇದೂ ನಾನೇ’ ಎಂದರೆ ಎರಡೂ ಮೈಯ ಅರ್ಜಿ, ಹಕ್ಕು, ಮಾತು ಎಲ್ಲ ಒಂದೇ ಹೆಸರಿನಡಿ ಬರುತ್ತದೆ. ‘ಇದು ನಾನಲ್ಲ’ ಎಂದರೆ ಆ ಮೈ ಊರಿನ ಲೆಕ್ಕದಿಂದ ಹೋಗುತ್ತದೆ. ಆ ಮೈ ಬಂದ ದಿನ ಅವರಿಗೆ ಆಸ್ಪತ್ರೆಯೂ ಇಲ್ಲ, ಪಡಿತರವೂ ಇಲ್ಲ. ಯಾರೋ ಪರವೂರಿನವರು ಎಂದಂತೆ.

ಡಂಗುರ ಕೇಳಿದ ಸಂಜೆ ತುಂಗಕ್ಕ ನಮ್ಮ ಮನೆಗೆ ಬಂದಳು. ಸಣ್ಣಮೈಯಲ್ಲಿದ್ದಳು. ಹೊರಗೆ ಪಾರಿ ಕುಂಟಾಬಿಲ್ಲೆ ಆಡುತ್ತಿದ್ದಳು. ನಾನು ಖುಷಿಯಿಂದ, “ತುಂಗಕ್ಕ, ಇನ್ಮೇಲೆ ನೀನು ಅವಳನ್ನ ಬಿಡಬೇಕಾಗಿಲ್ಲ,” ಎಂದೆ.

“ಹುಚ್ಚಿ,” ಎಂದಳು ಅವಳು. “ಇಬ್ರೂ ಒಬ್ಳೇ ಅಂದ್ಮೇಲೆ, ಒಲ್ಲೆ ಅಂದೋಳೂ ನಾನೇ ಆದ್ನಲ್ಲೇ. ಒಲ್ಲೆ ಅಂದೋರಿಗೆ ಮಗು ಕೊಡಲ್ಲ. ಇರೋ ದಿನಾನೂ ಹೋಯ್ತು.”

ನನಗೆ ಇದು ಹೊಳೆದೇ ಇರಲಿಲ್ಲ.

“ನನ್ನ ಹೆಸರೊಂದು ಬಿಟ್ಬಿಡಕ್ಕಾಗಲ್ವಾ? ಯಾರಿಗೆ ಗೊತ್ತಾಗುತ್ತೆ?”

“ಆಗಲ್ಲ ತುಂಗಕ್ಕ. ಒಂದು ಜೋಡಿ ಉಳಿದ್ರೂ ನಿಯಮ ಕೂರಲ್ಲ. ಊರಿಗೆಲ್ಲ ಕೂರಲ್ಲ.”

“ಹಂಗಾದ್ರೆ ಇನ್ನೊಂದು ಒತ್ತುತ್ತೀನಿ. ಅವಳು ನಾನಲ್ಲ ಅಂತ.” ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಅವಳು ಹೇಳಿದಳು. “ದೊಡ್ಡಮೈ ಬಂದ ದಿನ ಪಾರೀನ ಬಿಟ್ಟು, ಮನೆ ಒಳಗೆ ಬಾಗಿಲು ಹಾಕ್ಕೊಂಡು ಬಿದ್ಕೋತೀನಿ. ಜ್ವರ ಬಂದ್ರೆ ಬರ್ಲಿ.”

“ದೊಡ್ಡಮೈಯಲ್ಲೇ ಇದ್ದುಬಿಟ್ರೆ? ತಿಂಗಳುಗಟ್ಟಲೆ ಒಂದೇ ಮೈ ಬಂದೋರಿಲ್ವಾ?”

ಹೊರಗಿನಿಂದ ಪಾರಿ, “ಅಮ್ಮಾ, ಗೆರೆ ಮೇಲೆ ಕಾಲಿಟ್ಟಿದ್ದು ನೀನು ನೋಡಿಲ್ಲ ತಾನೆ?” ಎಂದು ಕೂಗಿದಳು. “ನೋಡ್ದೆ,” ಎಂದಳು ತುಂಗಕ್ಕ, ನೋಡದೆಯೇ.

ಮಾರನೆಯ ದಿನದಿಂದ ಪುರಸಭೆಯ ಅಂಗಳದಲ್ಲಿ ಜಾತ್ರೆಯಂಥ ಜನ. ಒತ್ತುವುದು ಒಂದು ಕ್ಷಣದ ಕೆಲಸ, ಆದರೆ ಪರದೆಯ ಮುಂದೆ ನಿಂತವರು ಕದಲುತ್ತಲೇ ಇರಲಿಲ್ಲ. ಇನ್ನೊಂದು ಮೈ ಬರೆದಿಟ್ಟದ್ದನ್ನು ಓದಿ ಕೆಲವರು ಕೆಂಪಾದರು, ಕೆಲವರು ‘ಛೆ’ ಎಂದು ತಮಗೆ ತಾವೇ ಬೈದುಕೊಂಡರು. ಒಬ್ಬ ಮುದುಕ ತಾನು ಸಣ್ಣಮೈಯಲ್ಲಿ ಹಾಕಿದ್ದ ಅರ್ಜಿಯನ್ನು ದೊಡ್ಡಮೈಯಲ್ಲಿ ತಾನೇ ವಿರೋಧಿಸಿದ್ದನ್ನು ಕಂಡು, ಹಾಗಾದರೆ ಗೆದ್ದದ್ದು ಯಾರು ಎಂದು ಎಲ್ಲರನ್ನೂ ಕೇಳಿದ. ಶೇಷಗಿರಿ ‘ಇದು ನಾನಲ್ಲ’ ಎಂಬುದರ ಮೇಲೆ ಬೆರಳು ಇಟ್ಟಿದ್ದ. ಪಂಕಜಮ್ಮ ಹತ್ತಿರ ಬಂದು ಸಣ್ಣ ದನಿಯಲ್ಲಿ, “ಹಂಗೇ ಒತ್ತಿ. ನಾನು ಸಂಸಾರ ಮಾಡಿದ್ದು ಆ ಸಣ್ಣೋನ ಮಾತು ನಂಬ್ಕೊಂಡು,” ಎಂದಳು. ಅವನು ಬೆರಳನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿದ. ನಶ್ಯದ ಡಬ್ಬಿಯನ್ನು ಯಾರಿಗೂ ಕೊಡಲಿಲ್ಲ, ಅಷ್ಟು ಸುಲಭವಾಗಿ ಯಾರು ಕೊಡುತ್ತಾರೆ, ಆದರೂ ಒತ್ತಿದ್ದು ‘ಇದೂ ನಾನೇ’ ಎಂಬುದನ್ನೇ.

ತುಂಗಕ್ಕ ಬರಲಿಲ್ಲ. ಸಣ್ಣಮೈಯ ದಿನಗಳು ಒಂದರ ಹಿಂದೆ ಒಂದು ಬಂದವು. ಹೊಲಿಗೆ ಯಂತ್ರದ ಸದ್ದು ನಿಲ್ಲಲಿಲ್ಲ. ಬಂದು ಒತ್ತಿಹೋಗು ಎಂದರೆ, “ಈ ಮೈಯಲ್ಲಿ ಬರಲ್ಲ,” ಎಂದಳು. ಅರ್ಥವಾಗಲಿಲ್ಲ. ದೊಡ್ಡಮೈಯೆಂದರೆ ಹೆದರಿ ಸಾಯುತ್ತಿದ್ದವಳು ಈಗ ಪ್ರತಿ ಬೆಳಿಗ್ಗೆ ಎದ್ದು ತನ್ನ ಕೈಯನ್ನು ಮುಂದೆ ಚಾಚಿ ನೋಡಿಕೊಳ್ಳುತ್ತಿದ್ದಳು, ಬಂತೇ ಎಂದು.

ಹುಣ್ಣಿಮೆ ಹತ್ತಿರವಾದಾಗ ಬಂತು. ಬೆಳಿಗ್ಗೆ ಯಂತ್ರದ ಸದ್ದಿಲ್ಲ. ಪಾರಿ ಚೀಲ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಅವಳನ್ನು ಶಿಶುಮಂದಿರಕ್ಕೆ ಬಿಟ್ಟು ತುಂಗಕ್ಕ ನೇರವಾಗಿ ಪುರಸಭೆಗೆ ಬಂದಳು. ಬಾಗಿಲಲ್ಲಿ ಬಗ್ಗಿ ಒಳಗೆ ಬಂದಾಗ ಸಾಲಿನಲ್ಲಿದ್ದವರು ದಾರಿ ಬಿಟ್ಟರು. ಕಿಟಕಿಯ ಕೆಳಗಿನ ಬೆಂಚಿನ ಮೇಲೆ ಹೈಮವತಿಯಮ್ಮ ಕೂತಿದ್ದರು. ಅವರು ಆಗಷ್ಟೇ ತಮ್ಮದನ್ನು ಒತ್ತಿ, ದಣಿವಾರಿಸಿಕೊಳ್ಳುತ್ತಿದ್ದರು. ಸಣ್ಣಮೈಯಾದ್ದರಿಂದ ಕಾಲುಗಳು ನೆಲಕ್ಕೆ ಎಟುಕದೆ ತೂಗಾಡುತ್ತಿದ್ದವು.

ನಾನು ತುಂಗಕ್ಕನ ಜೋಡಿಯನ್ನು ಪರದೆಗೆ ತಂದೆ. ಅವಳು ಪರದೆಯ ಕಡೆ ನೋಡಲೇ ಇಲ್ಲ, ಬೆಂಚಿನ ಕಡೆ ತಿರುಗಿದಳು.

“ಹೈಮವತಿ, ಒತ್ತೋಕೆ ಮೊದ್ಲು ಬಾಯಲ್ಲಿ ಹೇಳ್ಬೇಕು. ನಾಲ್ಕು ಜನರ ಎದುರಿಗೇ ಹೇಳ್ತೀನಿ. ವರದೆ ಮಗೂನ ಒಲ್ಲೆ ಅಂದೋಳು ನಾನೇ. ಬೇರೆ ಯಾರೋ ಅಲ್ಲ. ಇದೇ ಕೈ. ಮಾರನೇ ದಿನ ಎತ್ಕೊಂಡು ಬಂದೋಳೂ ನಾನೇ.”

ನಮ್ಮೂರಿನಲ್ಲಿ ಇನ್ನೊಂದು ಮೈಯ ತಪ್ಪನ್ನು ಯಾರಾದರೂ ತನ್ನದೆಂದು ಎತ್ತಿ ಹೇಳಿದ್ದನ್ನು ನಾನಂತೂ ಕೇಳಿರಲಿಲ್ಲ.

“ಕಟ್ಟಳೆ ಗೊತ್ತಲ್ವಾ ನಿಮಗೆ?” ಎಂದರು ಹೈಮವತಿಯಮ್ಮ.

“ಗೊತ್ತು.”

“ಗೊತ್ತಿದ್ದೂ ಯಾಕೆ ಬಂದ್ರಿ? ಸಣ್ಣಮೈಯಲ್ಲೇ ಬಂದು ‘ಇದು ನಾನಲ್ಲ’ ಅಂತ ಒತ್ತಿದ್ರೆ ಆ ಮೈಯಲ್ಲಾದ್ರೂ ಮಗು ಇರ್ತಿತ್ತು.”

“ಇರ್ತಿತ್ತು. ಅವಳು ನನ್ನ ನೋಡಿದ ಕೂಡ್ಲೇ ಚೀಲ ಹಾಕ್ಕೋತಾಳೆ ಹೈಮವತಿ. ನಾನು ಇಲ್ಲ ಅಂತ ಪುಸ್ತಕದಲ್ಲಿ ಬರೆದ್ರೂ ಅವಳ ಕಣ್ಣಿಗೆ ನಾನು ಕಾಣ್ತೀನಲ್ಲ. ಬಿಟ್ಟು ಹೋಗೋಳಾಗೇ ಕಾಣ್ತೀನಲ್ಲ. ಈ ಮೈಯಲ್ಲಿ ಒಲ್ಲೆ ಅಂದಿದ್ದು. ಈ ಮೈಯಲ್ಲೇ ಕೇಳ್ತಿದ್ದೀನಿ. ಕೊಡು.”

ಹೈಮವತಿಯಮ್ಮ ಬೆಂಚಿನಿಂದ ಕೆಳಗೆ ಜಾರಿ ಇಳಿದು, ತುಂಗಕ್ಕನ ಮುಂದೆ ಬಂದು ನಿಂತರು. ಕತ್ತು ಪೂರಾ ಹಿಂದಕ್ಕೆ ಬಾಗಿಸಿ ಅವಳ ಮುಖ ನೋಡಿದರು.

“ಆ ಕಟ್ಟಳೆ ನಾನೇ ಮಾಡಿದ್ದು. ಒಂದು ಮೈಯಲ್ಲಿ ಒಲ್ಲೆ ಅಂದು ಇನ್ನೊಂದು ಮೈಯಲ್ಲಿ ಬಂದು ಕೇಳೋರು. ಕೊಟ್ರೆ, ಮತ್ತೆ ಒಲ್ಲೆ ಅಂದ ಮೈ ಬಂದಾಗ ಬಾಗಿಲಲ್ಲಿ ಇಟ್ಹೋಗೋರು. ‘ಅದು ಅವಳು ತಗೊಂಡಿದ್ದು’ ಅನ್ನೋರು. ಅದಕ್ಕೆ ಮಾಡ್ದೆ. ಆಮೇಲೆ ಪುರಸಭೆ ಲೆಕ್ಕದಲ್ಲಿ ನೀವು ಇಬ್ಬರಾದ್ರಿ, ಕಟ್ಟಳೆ ತಗಲಲಿಲ್ಲ. ಇಬ್ಬರ ಜಗಳಕ್ಕೆ ಮಾಡಿದ್ದು ಅದು. ಒಬ್ರೇ ಅಂದ್ಮೇಲೆ ಜಗಳ ಎಲ್ಲಿ? ಅವತ್ತು ಒಂದು ಮನಸ್ಸಿತ್ತು, ಆಮೇಲೆ ಬದ್ಲಾಯ್ತು. ಮನಸ್ಸು ಬದಲಾಯ್ಸೋದು ಬೇಡ ಅಂತ ನಾನು ಎಲ್ಲೂ ಬರೆದಿಲ್ಲ. ಒತ್ತಿ. ಒತ್ತಿ, ಹೋಗಿ ಕರ್ಕೊಂಡ್ಹೋಗಿ,” ಎಂದರು.

ಸಾಲಿನಿಂದ ಯಾರೋ, “ಸಣ್ಣಮೈಯಲ್ಲಿ ಹೇಳ್ತಿದ್ದೀಯ ಹೈಮವತಿ. ನಾಳೆ ದೊಡ್ಡಮೈಯಲ್ಲಿ ಇಲ್ಲ ಅಂದ್ರೆ?” ಎಂದರು.

“ಈಗ ತಾನೆ ಇಲ್ಲಿ ನಿಂತು ಒತ್ತಿದ್ನಲ್ಲ, ನೋಡ್ಲಿಲ್ವಾ? ಇನ್ಮೇಲೆ ನನ್ನ ಮಾತು ಯಾವ ಮೈಯಲ್ಲಿ ಹೇಳಿದ್ರೂ ನಂದೇ. ತಪ್ಪಿಸ್ಕೊಳ್ಳೋ ದಾರಿನ ಈ ಹುಡುಗಿ ಮುಚ್ಚಿಬಿಟ್ಟಿದ್ದಾಳೆ,” ಎಂದು ಅವರು ನನ್ನ ಕಡೆ ಕೈ ತೋರಿಸಿದರು. ನಾನು ಗೋಡೆಯ ಕಡೆ ತಿರುಗಿಕೊಂಡೆ.

ತುಂಗಕ್ಕ ಒತ್ತಿದಳು. ಅವಳ ಬೆರಳು ದೊಡ್ಡದಾದ್ದರಿಂದ ಮೊದಲ ಸಲ ಸರಿಯಾಗಿ ಬೀಳಲಿಲ್ಲ, ಎರಡನೆಯ ಸಲ ಬಿತ್ತು. ಪರದೆಯ ಮೇಲೆ ಅವಳ ಎರಡು ಹೆಸರೂ ಅವಳು ಹೇಗೆ ಬರೆದಿದ್ದಳೋ ಹಾಗೆಯೇ ಇದ್ದವು. ಎರಡರ ಕೆಳಗೂ ಒಬ್ಬಳೇ ಪಾರಿ ಇದ್ದಳು.

ಶಿಶುಮಂದಿರಕ್ಕೆ ನಾನೂ ಜೊತೆಗೆ ಹೋದೆ. ಗೇಟಿನಲ್ಲಿ ತುಂಗಕ್ಕನನ್ನು ಕಂಡು ಪಾರಿ ಆಟ ಬಿಟ್ಟು ಕಂಬದ ಹಿಂದೆ ಸರಿದಳು.

“ಬೆಳಿಗ್ಗೆ ಬಿಟ್ಟಾಯ್ತಲ್ಲ. ಮತ್ತೆ ಯಾಕೆ ಬಂದ್ರಿ?”

“ಕರ್ಕೊಂಡ್ ಹೋಗೋಕೆ.”

“ನೀವು ಕರ್ಕೊಂಡ್ ಹೋಗೋರಲ್ಲ. ಅಮ್ಮ ಬರ್ಲಿ.”

ಪರದೆಯ ಮೇಲೆ ಆದದ್ದು ಮಗುವಿಗೆ ಏನು ಗೊತ್ತು? ತುಂಗಕ್ಕ ಅವಳ ಹತ್ತಿರ ಹೋಗಲಿಲ್ಲ. ಅಲ್ಲೇ ಗೇಟಿನ ಬಳಿ ನೆಲದ ಮೇಲೆ ಕೂತುಬಿಟ್ಟಳು. ಕೂತರೂ ಪಾರಿಗಿಂತ ಎತ್ತರವೇ.

“ನೀನು ಸಣ್ಣ ಮಗು ಇದ್ದಾಗ ನಿನ್ನ ಕೊಡ್ತೀವಿ ಅಂದ್ರು. ನಾನು ಬೇಡ ಅಂದೆ,” ಎಂದಳು. ನಾನು ಬೆಚ್ಚಿದೆ. ಇಷ್ಟು ಹೇಳಬೇಕಾಗಿತ್ತೇ?

ಪಾರಿ ಕಂಬದ ಹಿಂದಿನಿಂದ ಒಂದೇ ಕಣ್ಣಲ್ಲಿ ನೋಡಿದಳು. “ಯಾಕೆ?”

“ಹೆದರಿಕೆ ಆಯ್ತು.”

“ಇಷ್ಟು ದೊಡ್ಡಕ್ಕಿದ್ದೂನಾ?”

“ದೊಡ್ಡಕ್ಕಿದ್ದಿದ್ದಕ್ಕೇ.”

ಪಾರಿ ಯೋಚಿಸುತ್ತಾ ಅಲುಗಾಡುವ ಹಲ್ಲನ್ನು ನಾಲಿಗೆಯಿಂದ ತಳ್ಳಿದಳು. “ಈಗ್ಲೂ ಆಗುತ್ತಾ?”

“ಆಗ್ತಿದೆ.”

ಪಾರಿ ಕಂಬ ಬಿಟ್ಟು ಬಂದಳು. ತುಂಗಕ್ಕನ ಸುತ್ತ ಒಂದು ಸುತ್ತು ಹಾಕಿ, ಮಳಿಗೆಯಲ್ಲಿ ಸಾಮಾನು ನೋಡುವಂತೆ ಅವಳ ಹೆಗಲು, ಬೆನ್ನು ಎಲ್ಲ ನೋಡಿದಳು. “ಹೆಗಲ ಮೇಲೆ ಕೂರಬಹುದಾ?” ಎಂದಳು. “ಮನೇಲಿ ಅಮ್ಮನ ಹೆಗಲು ನನ್ನಷ್ಟೇ ಇರುತ್ತೆ. ಕೂರಕ್ಕಾಗಲ್ಲ.”

ತುಂಗಕ್ಕ ಕೈ ಚಾಚಿದಳು. ಚಾಚಿದವಳು ಒಂದು ಗಳಿಗೆ ಹಾಗೇ ತಡೆದಳು, ಎಲ್ಲಿ ಹಿಡಿಯಲಿ ಎಂದು ತಿಳಿಯದವಳಂತೆ. “ಕಂಕುಳಲ್ಲಿ ಹಿಡೀರಿ. ಎಲ್ರೂ ಅಲ್ಲೇ ಹಿಡಿಯೋದು,” ಎಂದಳು ಪಾರಿ.

ಮನೆಯ ದಾರಿಯುದ್ದಕ್ಕೂ ಪಾರಿಯ ಬಾಯಿ ನಿಲ್ಲಲಿಲ್ಲ. ಯಾರ ಮನೆಯ ಹಿತ್ತಲಲ್ಲಿ ಏನು ಒಣಗಹಾಕಿದ್ದಾರೆ, ಯಾರ ಗೋಡೆಯ ಮೇಲೆ ಬೆಕ್ಕು ಮಲಗಿದೆ ಎಂದು ಕೂಗಿ ಹೇಳುತ್ತಿದ್ದಳು. ತುಂಗಕ್ಕ ಎರಡೂ ಕೈಯಲ್ಲಿ ಅವಳ ಕಾಲುಗಳನ್ನು ಬಿಗಿಯಾಗಿ ಹಿಡಿದುಕೊಂಡು, ತುಂಬಿದ ಕೊಡ ಹೊತ್ತವಳಂತೆ ಹೆಜ್ಜೆ ಇಡುತ್ತಿದ್ದಳು. ನಮ್ಮ ಮನೆಯ ಮುಂದೆ ಬಂದಾಗ ಪಾರಿ ಅವಳ ತಲೆ ತಟ್ಟಿ ನಿಲ್ಲಿಸಿದಳು.

“ನಿಲ್ಲು, ನಿಲ್ಲು! ಇಳಕ್ಕ, ನಿಮ್ಮ ಹಂಚಿನ ಮೇಲೆ ನನ್ನ ಕೆಂಪು ಚೆಂಡಿದೆ! ನಾನು ಎಲ್ಲ ಕಡೆ ಹುಡುಕಿದ್ದೆ!” ಎಂದು ಕೂಗಿ, ಕೆಳಗಿನ ಮುಖಕ್ಕೆ ಮುಖವನ್ನು ತಲೆಕೆಳಗಾಗಿ ಬಾಗಿಸಿ, “ಅಮ್ಮಾ, ನಿನಗೆ ಎಟುಕುತ್ತೆ, ತೆಕ್ಕೊಡು,” ಎಂದಳು.

ತುಂಗಕ್ಕ ಒಂದು ಕೈಯಲ್ಲಿ ಅವಳನ್ನು ಭದ್ರವಾಗಿ ಹಿಡಿದು, ಇನ್ನೊಂದು ಕೈಯನ್ನು ಹಂಚಿನ ಮೇಲೆ ಚಾಚಿದಳು.